ಓರಲ್ ಸರ್ಜರಿ ತಗೊಳ್ಳಲಾ, ಬೇರೆ ಬ್ರಾಂಚ್ ನೋಡಲಾ? ಸೀಟು ಆರಿಸುವ ಮುಂಚೆ ಒಂದು ಹೋಲಿಕೆ

ನೀಟ್ ಎಂಡಿಎಸ್, ಅಂದರೆ ಬಿಡಿಎಸ್ ಮುಗಿಸಿದವರು ಸ್ನಾತಕೋತ್ತರ ಸೀಟಿಗೆ ಬರೆಯುವ ಪರೀಕ್ಷೆ, ಅದರ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಜೂನಿಯರ್‌ಗಳು ಕೇಳುತ್ತಾರೆ. ಅವರ ಅಪ್ಪ ಅಮ್ಮನೂ ಕೇಳುತ್ತಾರೆ. "ಮೇಡಂ, ಈ ರ‍್ಯಾಂಕಿಗೆ ಓರಲ್ ಸರ್ಜರಿ ಸಿಗುತ್ತೆ. ತಗೊಳ್ಳಲಾ, ಇಲ್ಲ ಮುಂದಿನ ವರ್ಷ ಮತ್ತೆ ಬರೆದು ಆರ್ಥೋ ನೋಡಲಾ?" ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಓದುವುದು ಮೂರು ವರ್ಷ, ಆ ಕೆಲಸ ಮಾಡಿಕೊಂಡು ಬದುಕುವುದು ಮೂವತ್ತು ವರ್ಷ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ಓರಲ್ ಸರ್ಜನ್, ನನ್ನ ಕೆಲಸ ನನಗೆ ತುಂಬಾ ಇಷ್ಟ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಕೆಲಸ ಅಂದರೆ ಏನು

ನೆಂಟರ ಮನೆಯಲ್ಲಿ ಯಾರಾದರೂ ಕೇಳಿದರೆ "ಹಲ್ಲು ಕೀಳೋ ಡಾಕ್ಟರ್" ಅಂತಲೇ ಪರಿಚಯ ಮಾಡುತ್ತಾರೆ. ಅದು ಸುಳ್ಳಲ್ಲ. ಅಡ್ಡ ಬೆಳೆದ ಬುದ್ಧಿಹಲ್ಲು ತೆಗೆಯುವುದು ನಮ್ಮ ದಿನದ ಅನ್ನ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬೈಕಿನಿಂದ ಬಿದ್ದು ಮುರಿದ ದವಡೆ ಮತ್ತು ಕೆನ್ನೆ ಮೂಳೆ, ದವಡೆಯೊಳಗೆ ಬೆಳೆದ ಗಡ್ಡೆ, ಸೀಳುತುಟಿ, ಮುಂದೆ ಚಾಚಿದ ಅಥವಾ ಹಿಂದೆ ಉಳಿದ ದವಡೆಯನ್ನು ಸರಿಮಾಡುವುದು, ಬಾಯಿ ಕ್ಯಾನ್ಸರ್, ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದು ಉಸಿರು ಕಟ್ಟುವ ಸ್ಥಿತಿ, ಇವೆಲ್ಲ ನಮ್ಮವೇ. ಕೊನೆಯದಕ್ಕೆ ಲುಡ್ವಿಗ್ಸ್ ಆಂಜೈನಾ ಅನ್ನುತ್ತಾರೆ. ಜರ್ಮನಿಯ ಡಾಕ್ಟರ್ ಲುಡ್ವಿಗ್ ಅದರ ಬಗ್ಗೆ ಬರೆದದ್ದು 1836ರಲ್ಲಿ. ಇವತ್ತಿಗೂ ಸಕ್ಕರೆ ಕಾಯಿಲೆ ಇದ್ದವರು ಹಲ್ಲು ನೋವನ್ನು ಒಂದು ವಾರ ಮಾತ್ರೆಯಲ್ಲೇ ತಳ್ಳಿ, ಕತ್ತು ಊದಿಸಿಕೊಂಡು ರಾತ್ರಿ ಹೊತ್ತು ಬರುತ್ತಾರೆ.

ದವಡೆ ಮುರಿದರೆ ಹಲ್ಲಿನ ಡಾಕ್ಟರ್ ಯಾಕೆ ಬೇಕು, ಮೂಳೆ ಡಾಕ್ಟರ್ ಸಾಲದೇ ಅಂತ ಕೇಳುವವರಿದ್ದಾರೆ. ಕಾಲಿನ ಮೂಳೆ ಒಂದು ಮಿಲಿಮೀಟರ್ ಆಚೀಚೆ ಕೂಡಿಕೊಂಡರೆ ನಡೆಯುವಾಗ ಗೊತ್ತೂ ಆಗುವುದಿಲ್ಲ. ದವಡೆ ಹಾಗಲ್ಲ. ಒಂದು ಮಿಲಿಮೀಟರ್ ತಪ್ಪಿದರೂ ಮೇಲಿನ ಹಲ್ಲು ಕೆಳಗಿನದಕ್ಕೆ ಕೂರುವುದಿಲ್ಲ, ಊಟ ಮಾಡಿದಾಗಲೆಲ್ಲ ಅದು ಗೊತ್ತಾಗುತ್ತದೆ. ಅದಕ್ಕೇ ನಾವು ಮೊದಲು ಹಲ್ಲಿನ ಸಾಲಿಗೆ ಆರ್ಚ್ ಬಾರ್ ಅನ್ನುವ ಲೋಹದ ಪಟ್ಟಿಯನ್ನು ತಂತಿಯಿಂದ ಕಟ್ಟಿ, ಕಚ್ಚುವಿಕೆ ಸರಿ ಕೂರಿಸಿ, ಆಮೇಲೆ ಮೂಳೆಗೆ ಟೈಟಾನಿಯಂ ಪ್ಲೇಟ್ ಹಾಕುತ್ತೇವೆ. ಮೊದಲ ವರ್ಷದ ಪಿಜಿ ಕಲಿಯುವುದೇ ಈ ವೈರಿಂಗ್. ಸಣ್ಣ ಸ್ಟೀಲ್ ತಂತಿ ಗ್ಲವ್ಸ್ ಹರಿದು ಬೆರಳಿಗೆ ಚುಚ್ಚುತ್ತದೆ. ಆರು ತಿಂಗಳಲ್ಲಿ ಕೈ ಪಳಗುತ್ತದೆ.

ಓರಲ್ ಸರ್ಜರಿ ಮತ್ತು ಉಳಿದ ಎಂಟು ಬ್ರಾಂಚ್‌ಗಳು

ಎಂಡಿಎಸ್‌ನಲ್ಲಿ ಒಂಬತ್ತು ಬ್ರಾಂಚ್‌ಗಳಿವೆ. ನನಗೆ ಫೋನ್ ಮಾಡುವವರಲ್ಲಿ ಹೆಚ್ಚಿನವರ ತಲೆಯಲ್ಲಿ ಮೂರೇ ಇರುತ್ತವೆ: ಓರಲ್ ಸರ್ಜರಿ, ಆರ್ಥೋ, ಎಂಡೋ.

ಆರ್ಥೋ, ಅಂದರೆ ಕ್ಲಿಪ್ ಹಾಕುವ ಕೆಲಸ. ಒಬ್ಬ ಪೇಷಂಟ್ ಒಂದೂವರೆ ಎರಡು ವರ್ಷ ತಿಂಗಳಿಗೊಮ್ಮೆ ಬರುತ್ತಾರೆ. ತುರ್ತು ಕೇಸ್ ಅನ್ನುವುದು ಇಲ್ಲವೆಂದೇ ಹೇಳಬಹುದು. ರಾತ್ರಿ ನಿದ್ದೆ ನಿಮ್ಮದು. ಬೇಕಾದದ್ದು ತಾಳ್ಮೆ ಮತ್ತು ಮುಂದಾಲೋಚನೆ. ಎಂಡೋದವರು ರೂಟ್ ಕೆನಾಲ್ ಮಾಡುತ್ತಾರೆ, ಅದು ಎಲ್ಲ ಕ್ಲಿನಿಕ್ಕಿಗೂ ದಿನಾ ಬೇಕು. ಹಾಗಾಗಿ ಕೋರ್ಸ್ ಮುಗಿಸಿದ ತಿಂಗಳೇ ಕೆಲಸ ಶುರುವಾಗುತ್ತದೆ. ಪ್ರಾಸ್ಥೋ (ಕೃತಕ ಹಲ್ಲು), ಪೆರಿಯೋ (ಒಸಡು), ಪೀಡೋದಲ್ಲೂ (ಮಕ್ಕಳ ಹಲ್ಲು) ಒಳ್ಳೆಯ ಜೀವನ ಇದೆ. ಇಂಪ್ಲಾಂಟ್ (ಕೃತಕ ಹಲ್ಲಿಗಾಗಿ ದವಡೆ ಮೂಳೆಗೆ ಕೂರಿಸುವ ಸ್ಕ್ರೂ) ಹಾಕುವುದು ಓರಲ್ ಸರ್ಜನ್ ಒಬ್ಬರ ಸ್ವತ್ತಲ್ಲ, ಪ್ರಾಸ್ಥೋ ಮತ್ತು ಪೆರಿಯೋದವರೂ ಚೆನ್ನಾಗಿ ಹಾಕುತ್ತಾರೆ. ಬರೀ ಇಂಪ್ಲಾಂಟ್ ಆಸೆಗೆ ಓರಲ್ ಸರ್ಜರಿ ತಗೊಳ್ಳಬೇಡಿ.

ಓರಲ್ ಸರ್ಜರಿಗೂ ಇವಕ್ಕೂ ಇರುವ ದೊಡ್ಡ ವ್ಯತ್ಯಾಸ ಒಂದೇ, ಅದನ್ನು ಕೌನ್ಸೆಲಿಂಗ್ ಸಮಯದಲ್ಲಿ ಯಾರೂ ಹೇಳುವುದಿಲ್ಲ. ಆರ್ಥೋದವರಿಗೆ ಒಂದು ಡೆಂಟಲ್ ಚೇರ್ ಇದ್ದರೆ ಪೂರ್ತಿ ವಿದ್ಯೆ ಬಳಸಬಹುದು. ನಮಗೆ ಹಾಗಾಗುವುದಿಲ್ಲ. ಓಟಿ (ಆಪರೇಷನ್ ಥಿಯೇಟರ್) ಬೇಕು, ಅರಿವಳಿಕೆ ಡಾಕ್ಟರ್ ಬೇಕು, ಐಸಿಯು ಬೇಕು, ರಕ್ತನಿಧಿ ಹತ್ತಿರ ಇರಬೇಕು. ಒಂದು ಆಸ್ಪತ್ರೆಯ ಜೊತೆ ಹೊಂದಿಕೊಳ್ಳದೆ ನಮ್ಮ ಓದಿನ ಮುಕ್ಕಾಲು ಪಾಲು ಪುಸ್ತಕದಲ್ಲೇ ಉಳಿಯುತ್ತದೆ. ಸ್ವಂತ ತಾಲ್ಲೂಕಿಗೆ ಹೋಗಿ ಕ್ಲಿನಿಕ್ ಹಾಕಬೇಕು ಅನ್ನುವ ಆಸೆ ಗಟ್ಟಿಯಾಗಿದ್ದರೆ, ಅಲ್ಲಿ ನೀವು ಮಾಡುವುದು ಬಹುಪಾಲು ಬುದ್ಧಿಹಲ್ಲು ಮತ್ತು ಮಾಮೂಲಿ ಹಲ್ಲಿನ ಕೆಲಸವೇ. ಮುರಿದ ದವಡೆಗೆ ಜಿಲ್ಲಾ ಕೇಂದ್ರಕ್ಕೆ ಬರಲೇಬೇಕು. ಅದು ನಿಮಗೆ ಒಪ್ಪಿಗೆಯಾ? ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಕ್ಕರೆ ಬ್ರಾಂಚ್ ಅರ್ಧ ತೀರ್ಮಾನವಾದ ಹಾಗೆ.

ಇನ್ನೊಂದು ವ್ಯತ್ಯಾಸ ಮನಸ್ಸಿಗೆ ಸಂಬಂಧಿಸಿದ್ದು. ಎಂಡೋದಲ್ಲಿ ತಪ್ಪಾದರೆ ಸಾಮಾನ್ಯವಾಗಿ ಒಂದು ಹಲ್ಲು ಹೋಗುತ್ತದೆ. ನಮ್ಮಲ್ಲಿ ತಪ್ಪಾದರೆ ತುಟಿ ಜನ್ಮಪೂರ್ತಿ ಮರಗಟ್ಟಬಹುದು, ನಾಲಿಗೆಯ ನರಕ್ಕೆ ಪೆಟ್ಟಾಗಬಹುದು, ಉಸಿರಿನ ದಾರಿಯೇ ಮುಚ್ಚಬಹುದು. ರಾತ್ರಿ ಮನೆಗೆ ಬಂದ ಮೇಲೂ ಆ ಪೇಷಂಟ್ ತಲೆಯಲ್ಲಿ ಇರುತ್ತಾರೆ. ಇದನ್ನು ಹೊರಲು ಎಲ್ಲರಿಗೂ ಇಷ್ಟವಾಗುವುದಿಲ್ಲ, ಇಷ್ಟವಾಗಬೇಕು ಅಂತಲೂ ಇಲ್ಲ.

ಹೆಣ್ಣುಮಕ್ಕಳ ತಂದೆ ತಾಯಿಗೆ ಒಂದು ಮಾತು. "ಹುಡುಗಿಗೆ ಓರಲ್ ಸರ್ಜರಿ ಬೇಡ, ಶಕ್ತಿ ಸಾಲದು, ರಾತ್ರಿ ಡ್ಯೂಟಿ" ಅಂತ ನನಗೂ ಮನೆಯಲ್ಲಿ ಹೇಳಿದ್ದರು. ಹಲ್ಲು ತೆಗೆಯುವುದು ತೋಳಿನ ಬಲದಿಂದ ಅಲ್ಲ. ಎಲಿವೇಟರ್ (ಹಲ್ಲು ಸಡಿಲಿಸುವ ಉಪಕರಣ) ಎಲ್ಲಿ ಇಡಬೇಕು, ಹಲ್ಲನ್ನು ಎಲ್ಲಿ ಕತ್ತರಿಸಿ ಎರಡು ಮಾಡಬೇಕು ಅನ್ನುವ ತಿಳಿವಳಿಕೆಯಿಂದ. ರಾತ್ರಿ ಡ್ಯೂಟಿ ಇರುವುದು ನಿಜ. ಅದು ಗೈನಕ್ ಓದುವ ಹುಡುಗಿಗೂ ಇದೆ, ಅಲ್ವಾ? ಮಗಳಿಗೆ ಈ ಕೆಲಸ ಇಷ್ಟವಿದ್ದರೆ ದಯವಿಟ್ಟು ಈ ಕಾರಣಕ್ಕೆ ತಡೆಯಬೇಡಿ.

ಡೆಂಟಲ್ ದಾರಿ ಮತ್ತು ಮೆಡಿಕಲ್ ದಾರಿ

ಇದು ಪಿಯುಸಿ ಮುಗಿಸಿದವರಿಗೆ. ಮುಖದ ಸರ್ಜರಿಯೇ ಮಾಡಬೇಕು ಅನ್ನುವ ಹಂಬಲ ಇದ್ದರೆ ನಮ್ಮ ದೇಶದಲ್ಲಿ ಎರಡು ಬಾಗಿಲಿವೆ. ಬಿಡಿಎಸ್ ನಾಲ್ಕು ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಎಂಡಿಎಸ್ ಮೂರು ವರ್ಷ, ಒಟ್ಟು 8. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ, ಎಂಎಸ್ ಮೂರು ವರ್ಷ. ಇಎನ್‌ಟಿ ಆದರೆ ಅಲ್ಲಿಗೆ ಎಂಟೂವರೆ. ಪ್ಲಾಸ್ಟಿಕ್ ಸರ್ಜನ್ ಆಗಲು ಜನರಲ್ ಸರ್ಜರಿಯ ಮೇಲೆ ಎಂಸಿಎಚ್ ಇನ್ನೂ ಮೂರು ವರ್ಷ, ಹನ್ನೊಂದೂವರೆ. ಮಧ್ಯೆ ಪ್ರವೇಶ ಪರೀಕ್ಷೆಗೆ ಕಾಯುವ ವರ್ಷಗಳು ಬೇರೆ.

ಕಡಿಮೆ ವರ್ಷ ಅಂತ ಡೆಂಟಲ್ ದಾರಿ ಹಿಡಿಯುವುದು ಸರಿಯಲ್ಲ. ಎಂಬಿಬಿಎಸ್ ಕೈಯಲ್ಲಿದ್ದರೆ ಮನಸ್ಸು ಬದಲಾದಾಗ ಬೇರೆ ಕಡೆ ತಿರುಗಬಹುದು. ಬಿಡಿಎಸ್ ಮಾಡಿದ ಮೇಲೆ ನಿಮ್ಮ ಕ್ಷೇತ್ರ ಬಾಯಿ, ದವಡೆ, ಮುಖ. ಅದರ ಒಳಗೆ ಆಳವಾಗಿ ಇಳಿಯಬಹುದು, ಆಚೆ ಹೋಗುವುದು ಕಷ್ಟ. ಆಸ್ಪತ್ರೆಗಳಲ್ಲಿ ಗಡಿಜಗಳವೂ ಇದೆ. ಮುಖದ ಗಾಯ ಬಂದರೆ ಪ್ಲಾಸ್ಟಿಕ್ ಸರ್ಜನ್ನೇ ಕರೆಯಬೇಕೋ, ಇಎನ್‌ಟಿಯೋ, ನಾವೋ ಅನ್ನುವುದು ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ. ಕೂದಲು ಕಸಿ ಮತ್ತು ಸೌಂದರ್ಯ ಚಿಕಿತ್ಸೆಯ ವಿಷಯದಲ್ಲಿ ಚರ್ಮರೋಗ ತಜ್ಞರ ಜೊತೆ ವಾದ ಇನ್ನೂ ನಡೆದೇ ಇದೆ. ಅದನ್ನೇ ಮುಖ್ಯ ಸಂಪಾದನೆ ಮಾಡಿಕೊಳ್ಳುವ ಲೆಕ್ಕ ಹಾಕಿ ಈ ಬ್ರಾಂಚಿಗೆ ಬರಬೇಡಿ.

ಈ ಜಗಳ ಹಳೆಯದು, ಜೊತೆಗೂಡಿ ಕೆಲಸ ಮಾಡುವುದೂ ಅಷ್ಟೇ ಹಳೆಯದು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ವ್ಯಾಲಡಿಯೇ ಅನ್ನುವ ಹಲ್ಲಿನ ಡಾಕ್ಟರ್ ಸೈನಿಕರ ಒಡೆದ ದವಡೆಗಳನ್ನು ಸರಿಮಾಡುತ್ತಿದ್ದರು. ಅವರ ಮೇಲೆ ಕಣ್ಣಿಡಲು ಕಳಿಸಿದ್ದು ಹ್ಯಾರಲ್ಡ್ ಗಿಲೀಸ್ ಅನ್ನುವ ಇಎನ್‌ಟಿ ಸರ್ಜನ್‌ರನ್ನು. ನೋಡಲು ಹೋದವರು ಕಲಿತರು. 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಮುಖದ ಗಾಯಗಳಿಗೆಂದೇ ಆಸ್ಪತ್ರೆ ಶುರುವಾದಾಗ ಗಿಲೀಸ್ ಪಕ್ಕದಲ್ಲಿ ಹಲ್ಲಿನ ಡಾಕ್ಟರ್‌ಗಳೂ ಇದ್ದರು. 2021ರಲ್ಲಿ ಕೋವಿಡ್ ಆದ ಮೇಲೆ ಕಪ್ಪು ಶಿಲೀಂಧ್ರ ಬಂದಾಗ ನಮ್ಮ ಆಸ್ಪತ್ರೆಗಳಲ್ಲೂ ಅದೇ ಕಂಡಿತು. ಇಎನ್‌ಟಿಯವರು ಸೈನಸ್ ತೆರೆದರು, ನಾವು ಕೊಳೆತ ಮೇಲ್ದವಡೆ ತೆಗೆದೆವು, ಕಣ್ಣಿನವರು ಪಕ್ಕದಲ್ಲಿ ನಿಂತರು, ಆಮೇಲೆ ಪ್ರಾಸ್ಥೋದವರು ಊಟ ಮಾಡಲು ಆಗುವಂತೆ ಕೃತಕ ಅಂಗುಳ ಮಾಡಿಕೊಟ್ಟರು.

ಯಾವ ಕಾಲೇಜು: ಇದನ್ನು ಎರಡು ಸಲ ಓದಿ

ಬ್ರಾಂಚಿಗಿಂತ ದೊಡ್ಡ ತಪ್ಪು ಆಗುವುದು ಇಲ್ಲಿ. ಬೇರೆ ಬ್ರಾಂಚ್‌ಗಳಿಗೆ ಒಳ್ಳೆಯ ಡೆಂಟಲ್ ಕಾಲೇಜು ಸಾಕು. ಓರಲ್ ಸರ್ಜರಿಗೆ ಕಾಲೇಜಿನ ಜೊತೆಗೆ ದೊಡ್ಡ ಜನರಲ್ ಆಸ್ಪತ್ರೆ ಬೇಕು. ಅಪಘಾತವಾದವರು ಡೆಂಟಲ್ ಕಾಲೇಜಿಗೆ ಬರುವುದಿಲ್ಲ, ಕ್ಯಾಶುವಾಲ್ಟಿಗೆ ಬರುತ್ತಾರೆ. ಆ ಕ್ಯಾಶುವಾಲ್ಟಿ ನಿಮ್ಮದೇ ಕ್ಯಾಂಪಸ್ಸಿನಲ್ಲಿ ಇದ್ದರೆ ರಾತ್ರಿ ಎರಡಕ್ಕೆ ನಿಮ್ಮ ಫೋನ್ ಹೊಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಮೂರು ವರ್ಷ ಬುದ್ಧಿಹಲ್ಲು ತೆಗೆದು, ಉಳಿದದ್ದನ್ನು ಸೆಮಿನಾರಿನಲ್ಲಿ ಸ್ಲೈಡ್ ಹಾಕಿ ಓದುತ್ತೀರಿ.

ನನ್ನ ಗೆಳತಿಗೆ ಹೀಗೇ ಆಯಿತು. ಕಟ್ಟಡ ಚೆಂದ, ಹೊಸ ಚೇರ್‌ಗಳು, ಮೇಷ್ಟ್ರುಗಳೂ ಒಳ್ಳೆಯವರು. ಆದರೆ ಕೇಸೇ ಇಲ್ಲ. ಮೂರನೇ ವರ್ಷದಲ್ಲಿ ಹೊರಗಿನ ಆಸ್ಪತ್ರೆಗೆ ಪೋಸ್ಟಿಂಗ್ ಹೋದಾಗ ಮೊದಲ ಸಲ ಪ್ಲೇಟ್ ಹಾಕುವುದನ್ನು ಹತ್ತಿರದಿಂದ ನೋಡಿದಳು. ಡಿಗ್ರಿ ಅದೇ ಎಂಡಿಎಸ್. ಅವಳು ಆಮೇಲೆ ಸಂಬಳ ನೋಡದೆ ಎರಡು ವರ್ಷ ಒಂದು ಟ್ರಾಮಾ ಆಸ್ಪತ್ರೆಯಲ್ಲಿ ದುಡಿದು ಕೈ ಪಳಗಿಸಿಕೊಂಡಳು. ಇವತ್ತು ಒಳ್ಳೆಯ ಸರ್ಜನ್. ಆದರೆ ಆ ಎರಡು ವರ್ಷ ಅವಳು ಪಟ್ಟ ಪಾಡು ನಾನು ಕಂಡಿದ್ದೇನೆ.

ಕರ್ನಾಟಕದಲ್ಲಿ ಆಸ್ಪತ್ರೆಯ ಪಕ್ಕದಲ್ಲೇ ಇರುವ ಡೆಂಟಲ್ ಕಾಲೇಜುಗಳಿಗೆ ಕೊರತೆ ಇಲ್ಲ. ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜಿನ ಪಕ್ಕದಲ್ಲಿ ವಿಕ್ಟೋರಿಯಾ ಆಸ್ಪತ್ರೆ ಇದೆ. ಧಾರವಾಡದ ಸತ್ತೂರಿನ ಎಸ್‌ಡಿಎಂನಲ್ಲಿ ಡೆಂಟಲ್ ಕಾಲೇಜು ಮತ್ತು ಮೆಡಿಕಲ್ ಆಸ್ಪತ್ರೆ ಒಂದೇ ಆವರಣದಲ್ಲಿವೆ, ಸೀಳುತುಟಿ ಮತ್ತು ಮುಖದ ಸರ್ಜರಿಯ ಘಟಕವೂ ಇದೆ. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ, ಮೈಸೂರಿನಲ್ಲಿ ಜೆಎಸ್‌ಎಸ್, ಬೆಳಗಾವಿಯಲ್ಲಿ ಕೆಎಲ್‌ಇ, ದೇರಳಕಟ್ಟೆಯಲ್ಲಿ ನಿಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆ. ಇದು ರ‍್ಯಾಂಕ್ ಪಟ್ಟಿ ಅಲ್ಲ, ಎಲ್ಲಿಂದ ವಿಚಾರಿಸಲು ಶುರುಮಾಡಬಹುದು ಅನ್ನಲು ಹೇಳಿದೆ, ಅಷ್ಟೇ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ಕೇಂದ್ರದ ಎಂಸಿಸಿ ಕೌನ್ಸೆಲಿಂಗಿನಲ್ಲಿ ಬರುತ್ತವೆ, ರಾಜ್ಯದ ಕೋಟಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ (ಕೆಇಎ). ಎರಡಕ್ಕೂ ನೋಂದಾಯಿಸಿಕೊಳ್ಳುವುದನ್ನು ಮರೆಯಬೇಡಿ.

ಆಸ್ಪತ್ರೆ ಇದ್ದ ಮಾತ್ರಕ್ಕೂ ಆಗಲಿಲ್ಲ. ಆ ಆಸ್ಪತ್ರೆಯಲ್ಲಿ ಮುಖದ ಮೂಳೆ ಮುರಿತ ಯಾರ ಕೈಗೆ ಹೋಗುತ್ತದೆ? ಪ್ಲಾಸ್ಟಿಕ್ ಸರ್ಜರಿಯವರಿಗೋ, ನಿಮ್ಮ ವಿಭಾಗಕ್ಕೋ? ವಾರದಲ್ಲಿ ಎಷ್ಟು ದಿನ ನಿಮ್ಮ ವಿಭಾಗಕ್ಕೆ ದೊಡ್ಡ ಓಟಿ ಸಿಗುತ್ತದೆ? ಮೂರನೇ ವರ್ಷದ ಪಿಜಿ ಸ್ವತಃ ಚಾಕು ಹಿಡಿಯುತ್ತಾರೋ, ಕೊನೆಯ ದಿನದವರೆಗೂ ಗಾಯವನ್ನು ಅಗಲಿಸಿ ಹಿಡಿಯುವ ರಿಟ್ರಾಕ್ಟರ್ ಹಿಡಿದೇ ನಿಲ್ಲುತ್ತಾರೋ? ಅರಿವಳಿಕೆ, ಜನರಲ್ ಸರ್ಜರಿ, ಮೆಡಿಸಿನ್ ಪೋಸ್ಟಿಂಗ್ ನಿಜವಾಗಿ ನಡೆಯುತ್ತದೋ, ಲಾಗ್ ಬುಕ್ಕಿನಲ್ಲಿ ಸಹಿ ಮಾತ್ರವೋ? ಈ ಪ್ರಶ್ನೆಗಳನ್ನು ಪ್ರೊಫೆಸರ್ ಹತ್ತಿರ ಕೇಳಬೇಡಿ. ಎರಡನೇ ವರ್ಷದ ಪಿಜಿಯನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಚಹಾ ಕೊಡಿಸಿ ಕೇಳಿ. ಮೊದಲ ವರ್ಷದವರಿಗೆ ಇನ್ನೂ ಏನೂ ಗೊತ್ತಿರುವುದಿಲ್ಲ, ಮೂರನೇ ವರ್ಷದವರಿಗೆ ಥೀಸಿಸ್ ಮತ್ತು ಪರೀಕ್ಷೆಯ ಚಿಂತೆ.

ಪೋಸ್ಟಿಂಗ್ ಬಗ್ಗೆ ಒತ್ತಿ ಹೇಳುತ್ತೇನೆ. ಮೊದಲ ವರ್ಷದ ಕೊನೆಗೆ ಬೇಸಿಕ್ ಸೈನ್ಸ್ ಪರೀಕ್ಷೆ ಇರುತ್ತದೆ, ಹುಡುಗರು ಅದರ ಹಿಂದೆ ಬಿದ್ದು ಅರಿವಳಿಕೆ ಪೋಸ್ಟಿಂಗ್ ತಪ್ಪಿಸಿಕೊಳ್ಳುತ್ತಾರೆ. ಸಣ್ಣವರಿದ್ದಾಗ ಗದ್ದ ಊರಿ ಬಿದ್ದು ದವಡೆಯ ಕೀಲು ಅಂಟಿಕೊಂಡ ಮಕ್ಕಳು ನಮ್ಮ ಊರುಗಳಲ್ಲಿ ಇವತ್ತಿಗೂ ಇದ್ದಾರೆ. ಬಾಯಿ ಒಂದು ಬೆರಳೂ ತೆರೆಯುವುದಿಲ್ಲ. ಹಲ್ಲಿನ ಸಂದಿಯಿಂದ ಗಂಜಿ ಹೀರಿಕೊಂಡೇ ಬೆಳೆದಿರುತ್ತಾರೆ. ಅಂಥ ಮಗುವಿಗೆ ಅರಿವಳಿಕೆ ಕೊಡುವುದೇ ದೊಡ್ಡ ಸವಾಲು, ಬಾಯಿಂದ ಟ್ಯೂಬ್ ಹೋಗುವುದೇ ಇಲ್ಲ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ದಾರಿ ಹುಡುಕಬೇಕು. ಆ ಹತ್ತು ನಿಮಿಷ ಅರಿವಳಿಕೆ ಡಾಕ್ಟರ್ ಪಕ್ಕದಲ್ಲಿ ನಿಂತು ಏನು ಬೇಕೋ ಅದನ್ನು ಕೇಳುವ ಮೊದಲೇ ಕೊಡಲು ನಿಮಗೆ ಬರಬೇಕು. ಅದು ಪುಸ್ತಕದಿಂದ ಬರುವುದಿಲ್ಲ. ಸರ್ಜರಿ ಆದ ಮೇಲೆ ಆ ಮಗು ಮೊದಲ ಸಲ ಬಾಯಿ ತೆರೆದು ಆಕಳಿಸಿದಾಗ ತಾಯಿಯ ಮುಖ ನೋಡಿದ ದಿನ ನಾನು ಬೇರೆ ಬ್ರಾಂಚಿನ ಬಗ್ಗೆ ಯೋಚಿಸುವುದನ್ನು ಬಿಟ್ಟೆ.

ಹೊರದೇಶಕ್ಕೆ ಹೋಗುವ ಲೆಕ್ಕ ಇದ್ದರೆ

ಒಂದೊಂದು ದೇಶದಲ್ಲಿ ನಮ್ಮ ಕೆಲಸದ ಅರ್ಥವೇ ಬೇರೆ. ಹಾಗಾಗಿ ಹೋಗುವವರು ಎಂಡಿಎಸ್‌ಗೆ ಮುಂಚೆಯೇ ತೀರ್ಮಾನಿಸಿದರೆ ವರ್ಷಗಳು ಉಳಿಯುತ್ತವೆ.

ಬ್ರಿಟನ್‌ನಲ್ಲಿ ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ (ಬಾಯಿ, ದವಡೆ, ಮುಖದ) ಸರ್ಜರಿ ಅನ್ನುವುದು ಮೆಡಿಕಲ್ ವಿಭಾಗ. ಡೆಂಟಲ್ ಮತ್ತು ಮೆಡಿಕಲ್ ಎರಡೂ ಡಿಗ್ರಿ ಬೇಕು, ಆಮೇಲೆ ಸರ್ಜರಿ ತರಬೇತಿ, ಕೊನೆಗೆ ಎಫ್‌ಆರ್‌ಸಿಎಸ್ ಅನ್ನುವ ಸರ್ಜನ್ ಪರೀಕ್ಷೆ. ಬರೀ "ಓರಲ್ ಸರ್ಜರಿ" ಅನ್ನುವುದು ಅಲ್ಲಿ ಬೇರೆಯೇ ವಿಭಾಗ, ಡೆಂಟಲ್ ಡಿಗ್ರಿ ಒಂದರ ಮೇಲೆ ಮಾಡಬಹುದು, ಕೆಲಸದ ವ್ಯಾಪ್ತಿ ಚಿಕ್ಕದು. ನಮ್ಮ ಎಂಡಿಎಸ್‌ನವರು ಹೋಗಿ ಜನರಲ್ ಡೆಂಟಲ್ ಕೌನ್ಸಿಲ್ ನೋಂದಣಿ ಪಡೆದು ಆಸ್ಪತ್ರೆಗಳಲ್ಲಿ ಕಿರಿಯ ಹುದ್ದೆ ಮಾಡುತ್ತಾರೆ. ಆದರೆ ಮೆಡಿಕಲ್ ಡಿಗ್ರಿ ಇಲ್ಲದೆ ಮ್ಯಾಕ್ಸಿಲೋಫೇಶಿಯಲ್ ಕನ್ಸಲ್ಟಂಟ್ ಆಗಲು ಆಗುವುದಿಲ್ಲ. ಜರ್ಮನಿಯಲ್ಲೂ ಎರಡು ಡಿಗ್ರಿಯೇ ನಿಯಮ, ಜೊತೆಗೆ ಜರ್ಮನ್ ಭಾಷೆ ಚೆನ್ನಾಗಿ ಬರಬೇಕು.

ಅಮೆರಿಕದಲ್ಲಿ ಡೆಂಟಲ್ ಡಿಗ್ರಿಯ ಮೇಲೆ ನಾಲ್ಕು ವರ್ಷದ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ತರಬೇತಿ), ಅಥವಾ ಎಂಡಿ ಸೇರಿಸಿ ಆರು ವರ್ಷ. ಎರಡಕ್ಕೂ ಸರ್ಜನ್ ಆಗಿ ಒಂದೇ ಮನ್ನಣೆ. ಅಲ್ಲಿನ ತರಬೇತಿಯಲ್ಲಿ ಅರಿವಳಿಕೆಗೆ ತಿಂಗಳುಗಟ್ಟಲೆ ಸಮಯ ಕೊಡುತ್ತಾರೆ. ಹಾಗಾಗಿ ಸರ್ಜನ್‌ಗಳು ತಮ್ಮ ಕ್ಲಿನಿಕ್ಕಿನಲ್ಲೇ ಅರಿವಳಿಕೆ ಕೊಟ್ಟು ಬುದ್ಧಿಹಲ್ಲು ತೆಗೆಯುತ್ತಾರೆ, ನಮ್ಮಲ್ಲಿ ಆ ಪದ್ಧತಿ ಇಲ್ಲ. ಹೆಚ್ಚಿನ ರೆಸಿಡೆನ್ಸಿಗಳು ಅಲ್ಲಿಯದೇ ಡೆಂಟಲ್ ಡಿಗ್ರಿ ಕೇಳುತ್ತವೆ. ಅಂದರೆ ಮೊದಲು ಅಲ್ಲಿ ಎರಡು ಮೂರು ವರ್ಷ ಮತ್ತೆ ಡೆಂಟಲ್ ಕಾಲೇಜು, ಆಮೇಲೆ ರೆಸಿಡೆನ್ಸಿಗೆ ಸ್ಪರ್ಧೆ. ಖರ್ಚು ಭಾರಿ. ಇಲ್ಲಿ ಎಂಡಿಎಸ್ ಮುಗಿಸಿ ಹೋದವರು ಕೈ ಪಳಗಿದ ಸರ್ಜನ್ ಆಗಿದ್ದರೂ ಮತ್ತೆ ವಿದ್ಯಾರ್ಥಿ ಆಗುತ್ತಾರೆ. ನಿಮ್ಮ ಕಣ್ಣು ಅಮೆರಿಕದ ಮೇಲೇ ಇದ್ದರೆ ಬಿಡಿಎಸ್ ಮುಗಿದ ಕೂಡಲೇ ಆ ದಾರಿ ಹಿಡಿಯುವುದು ಮೇಲು ಅಂತ ನನ್ನ ಅಭಿಪ್ರಾಯ.

ಎಂಡಿಎಸ್ ಆದ ಮೇಲೆ

ಹೆಚ್ಚಿನವರು ಕನ್ಸಲ್ಟಂಟ್ ಆಗಿ ಊರೂರು ತಿರುಗುತ್ತಾರೆ. ಕಾರಿನ ಡಿಕ್ಕಿಯಲ್ಲಿ ಸ್ಟೆರೈಲ್ ಮಾಡಿದ ಟ್ರೇ, ಮೈಕ್ರೋಮೋಟರ್. ಬೆಳಿಗ್ಗೆ ಒಂದು ಕ್ಲಿನಿಕ್, ಮಧ್ಯಾಹ್ನ ಇನ್ನೊಂದು, ಸಂಜೆ ಆಸ್ಪತ್ರೆಯ ರೌಂಡ್ಸ್. ಹಣ ಬರುತ್ತದೆ, ಆದರೆ ಮೊದಲ ಎರಡು ಮೂರು ವರ್ಷ ಎಂಡೋ ಗೆಳೆಯರಷ್ಟು ಬೇಗ ಬರುವುದಿಲ್ಲ. ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಸಂಜೆ ಪ್ರಾಕ್ಟೀಸ್ ಮಾಡುವುದು ಇನ್ನೊಂದು ದಾರಿ, ಸ್ಥಿರವಾದದ್ದು. ಆಯುಷ್ಮಾನ್ ಭಾರತ್ ಪ್ಯಾಕೇಜ್ ಪಟ್ಟಿಯಲ್ಲಿ ನಮ್ಮ ವಿಭಾಗಕ್ಕೆ ಪ್ರತ್ಯೇಕ ಜಾಗ ಇದೆ. ಹಾಗಾಗಿ ಜಿಲ್ಲಾ ಕೇಂದ್ರದ ಆಸ್ಪತ್ರೆಗಳು ಮುಖದ ಅಪಘಾತದ ಕೇಸುಗಳನ್ನು ನೋಡಲು ಓರಲ್ ಸರ್ಜನ್‌ರನ್ನು ಜೊತೆಗಿಟ್ಟುಕೊಳ್ಳಲು ಕಾರಣವಿದೆ.

ಇನ್ನೂ ಒಂದೆರಡು ವರ್ಷ ಫೆಲೋಶಿಪ್ ಮಾಡುವವರಿಗೆ ಎರಡು ಮುಖ್ಯ ದಿಕ್ಕು: ಸೀಳುತುಟಿ ಮತ್ತು ಕ್ಯಾನ್ಸರ್. ಸೀಳುತುಟಿಯಲ್ಲಿ ಮಗು ಮೂರು ತಿಂಗಳಿದ್ದಾಗ ತುಟಿ, ವರ್ಷದ ಹೊತ್ತಿಗೆ ಅಂಗುಳ, ಎಂಟು ಹತ್ತು ವರ್ಷಕ್ಕೆ ಒಸಡಿನ ಮೂಳೆ, ದೊಡ್ಡವರಾದ ಮೇಲೆ ಬೇಕಾದರೆ ದವಡೆ. ಒಂದೇ ಮಗುವಿನ ಜೊತೆ ಹದಿನೆಂಟು ವರ್ಷ ನಡೆಯುತ್ತೀರಿ. ಸ್ಮೈಲ್ ಟ್ರೇನ್‌ನಂಥ ಸಂಸ್ಥೆಗಳು ಖರ್ಚು ಕೊಡುವುದರಿಂದ ಮನೆಯವರಿಗೆ ಹೊರೆ ಬೀಳುವುದಿಲ್ಲ. ಕ್ಯಾನ್ಸರ್ ಕಡೆ ಹೋಗುವವರಿಗೆ ನಮ್ಮ ನಾಡಿನಲ್ಲಿ ಕೆಲಸ ಮುಗಿಯುವುದೇ ಇಲ್ಲ ಅನ್ನುವುದು ಸಂಕಟದ ಮಾತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕದಲ್ಲಿ. ಗುಟ್ಕಾ, ಅಡಿಕೆ ಜಗಿದು ಇಪ್ಪತ್ತೈದರ ಹುಡುಗರು ಬಾಯಿ ಬಿಗಿದುಕೊಂಡು ಬರುತ್ತಾರೆ. ಆ ಬಿಗಿತವೇ ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತದೆ. ಗಡ್ಡೆ ತೆಗೆಯಲು ಕಲಿಯುವುದು ಕಷ್ಟ. ತೆಗೆದ ಜಾಗಕ್ಕೆ ಕಾಲಿನ ಮೂಳೆ ತಂದು, ಸಣ್ಣ ರಕ್ತನಾಳ ಹೊಲಿದು ದವಡೆ ಕಟ್ಟುವುದು ಅದಕ್ಕಿಂತ ಕಷ್ಟ. ಮೂರು ವರ್ಷದ ಎಂಡಿಎಸ್ ಮಾತ್ರ ಇದಕ್ಕೆ ಸಾಲದು.

ಆಪ್ಷನ್ ಎಂಟ್ರಿ, ಅಂದರೆ ಕೌನ್ಸೆಲಿಂಗಿಗೆ ಕೊಡುವ ಆಯ್ಕೆಗಳ ಪಟ್ಟಿ, ಲಾಕ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಒಂದು ಶನಿವಾರ ರಾತ್ರಿ, ಪರಿಚಯದ ಪಿಜಿ ಇರುವ ಆಸ್ಪತ್ರೆಗೆ ಅನುಮತಿ ಕೇಳಿಕೊಂಡು ಹೋಗಿ. ಅವರ ಜೊತೆ ಬೆಳಗಿನವರೆಗೆ ಇರಿ. ರಕ್ತ ಒರೆಸಿ ಗಾಯ ನೋಡುವುದು, ಸ್ಕ್ಯಾನ್ ಫಿಲ್ಮ್ ಹಿಡಿದು ಓಡುವುದು, ಹೆದರಿದ ಮನೆಯವರಿಗೆ ನಿಧಾನವಾಗಿ ಹೇಳುವುದು, ನಾಲ್ಕು ಗಂಟೆಗೆ ಹೊಲಿಗೆ ಹಾಕುವುದು, ಎಲ್ಲ ನೋಡಿ. ಭಾನುವಾರ ಮಲಗೆದ್ದ ಮೇಲೆ ಆ ರಾತ್ರಿ ಬಂದ ಪೇಷಂಟ್ ಈಗ ಹೇಗಿದ್ದಾರೆ ಅಂತ ಆ ಪಿಜಿಗೆ ಫೋನ್ ಮಾಡಿ ಕೇಳಬೇಕು ಅನ್ನಿಸಿದರೆ, ಪಟ್ಟಿಯಲ್ಲಿ ಓರಲ್ ಸರ್ಜರಿಯನ್ನು ಮೇಲೆ ಹಾಕಿ.